‘ಆಯ್ತು’ ಬೇರೆ, ‘ಆಗ್ತಿತ್ತು’ ಬೇರೆ: ಇಂಗ್ಲಿಷಿನ ‘ಕುಡ್’ ಬಗ್ಗೆ ಒಂದಿಷ್ಟು ಮಾತು

ಮುಂಬಯಿಯ ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಕನ್ನಡಿಗರ ಸಭೆಯಲ್ಲಿ ಆಡಿದ ಮಾತುಗಳಿವು. ಆಮೇಲೆ ಮನೆಯಲ್ಲಿ ಕೂತು ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಯನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಂದು ಚೀಟಿಯ ಕತೆಯಿಂದ ಶುರು ಮಾಡುತ್ತೇನೆ. ನಾನು ಕೋಟೆ ಭಾಗದ ಒಂದು ರಾತ್ರಿ ಶಾಲೆಯಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿದವನು. ಹಗಲೆಲ್ಲ ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಪುಸ್ತಕ ಹಿಡಿದು ಬರುವ ಹುಡುಗರು ನನ್ನ ವಿದ್ಯಾರ್ಥಿಗಳು. ಹೆಚ್ಚಿನವರು ಉಡುಪಿ, ಕುಂದಾಪುರ, ಕಾರ್ಕಳ ಕಡೆಯವರು. ಅವರಲ್ಲೊಬ್ಬ ಮುಂದೆ ಕ್ಯಾಷಿಯರ್ ಆದ, ಮದುವೆಯಾದ, ಮಗನನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ. ಒಂದು ಸಲ ಫೀಸು ಕಟ್ಟುವುದು ತಡವಾಯಿತು. ಹೇಗೋ ಸಾಲ ಮಾಡಿ ಸೋಮವಾರ ಬ್ಯಾಂಕಿನಲ್ಲಿ ದುಡ್ಡು ಕಟ್ಟಿದ. ಮರುದಿನ ಶಾಲೆಯ ಆಫೀಸಿಗೆ ಒಂದು ಚೀಟಿ ಕಳಿಸಿದ. ಅದರಲ್ಲಿದ್ದದ್ದು ಒಂದೇ ಸಾಲು: ‘ಐ ಕುಡ್ ಪೇ ದ ಫೀಸ್ ಆನ್ ಮಂಡೇ.’

ಅವನ ಮನಸ್ಸಿನಲ್ಲಿದ್ದ ಕನ್ನಡ ಹೀಗಿತ್ತು: ‘ಸೋಮವಾರ ಫೀಸು ಕಟ್ಟೋಕೆ ಆಯ್ತು.’ ಆಫೀಸಿನವರು ಓದಿಕೊಂಡದ್ದು ಹೀಗೆ: ‘ಬೇಕಾದರೆ ಸೋಮವಾರ ಕಟ್ಟಬಹುದು.’ ಅಂದರೆ ಬರುವ ಸೋಮವಾರ. ಎರಡು ದಿನ ಕಳೆಯುವಷ್ಟರಲ್ಲಿ ಫೀಸು ಬಾಕಿ ಇರುವವರ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ಅದರಲ್ಲಿ ಆ ಹುಡುಗನ ಹೆಸರೂ ಇತ್ತು. ಹುಡುಗ ಅತ್ತುಕೊಂಡು ಮನೆಗೆ ಬಂದ. ಅಪ್ಪ ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದ. ‘ಮಾಷ್ಟ್ರೇ, ಇದರಲ್ಲಿ ತಪ್ಪೇನಿದೆ? ಕ್ಯಾನ್ ಅನ್ನೋದರ ಭೂತಕಾಲ ಕುಡ್ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?’

ಹೌದು, ನಾನೇ ಹೇಳಿಕೊಟ್ಟಿದ್ದೆ. ಪುಸ್ತಕದಲ್ಲೂ ಹಾಗೇ ಇತ್ತು. ಅವನಿಗೆ ‘ಐ ಪೇಯ್ಡ್ ದ ಫೀಸ್ ಆನ್ ಮಂಡೇ’ ಎಂದು ಬರೆದುಕೊಟ್ಟೆ. ಕೆಲಸ ಮುಗಿಯಿತು, ನೋಟಿಸ್ ಬದಲಾಯಿತು. ಆದರೆ ಆ ರಾತ್ರಿಯಿಂದ ನಾನು ಕುಡ್ ಪಾಠವನ್ನೇ ಬೇರೆ ಥರ ಮಾಡತೊಡಗಿದೆ. ಇವತ್ತು ಹೇಳಲು ಬಂದಿರುವುದು ಅದನ್ನೇ. ಆಗುವುದು, ಆಗದಿರುವುದು, ಆಗಬಹುದಾದದ್ದು, ಇವುಗಳ ನಡುವಿನ ವ್ಯತ್ಯಾಸ ನಮ್ಮ ಕಿವಿಗೆ ಚೆನ್ನಾಗಿ ಗೊತ್ತು. ಇಂಗ್ಲಿಷ್ ಬರೆಯುವಾಗ ಆ ಕಿವಿಯನ್ನು ನಾವು ಬಳಸುವುದೇ ಇಲ್ಲ.

ಕನ್ನಡದಲ್ಲಿ ಇದಕ್ಕೆ ಎಷ್ಟು ದಾರಿಗಳಿವೆ ನೋಡಿ. ‘ನನಗೆ ಈಜು ಬರುತ್ತದೆ’ ಅಂದರೆ ಕಲಿತ ವಿದ್ಯೆ. ‘ಭುಜ ನೋವು, ಇವತ್ತು ಈಜೋಕೆ ಆಗಲ್ಲ’ ಅಂದರೆ ವಿದ್ಯೆ ಇದೆ, ಇವತ್ತಿನ ಮಟ್ಟಿಗೆ ಅನುಕೂಲ ಇಲ್ಲ. ‘ಅವಳು ಎರಡು ಮೈಲಿ ಈಜಬಲ್ಲಳು’ ಅಂದರೆ ತಾಕತ್ತು. ‘ಇಲ್ಲಿ ಈಜಬಹುದು’ ಅಂದರೆ ಅಪ್ಪಣೆ. ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಒಂದೇ ‘ಕ್ಯಾನ್’ ಸಾಕಾಗುತ್ತದೆ. ವಿದ್ಯೆ ನಮ್ಮ ಹತ್ತಿರ ‘ಬರುವುದು’ ಕನ್ನಡದಲ್ಲಿ ಮಾತ್ರ ಅಲ್ಲ. ಈ ಊರಿನಲ್ಲಿ ದಿನಾ ಕೇಳುತ್ತೇವೆ, ‘ತುಮ್ಹಾಲಾ ಮರಾಠಿ ಯೇತೆ ಕಾ?’ ಅಂತ. ತುಳುವಿನವರು ‘ಎಂಕ್ ತುಳು ಬರ್ಪುಂಡು’ ಅನ್ನುತ್ತಾರೆ. ಮರಾಠಿ, ತುಳು, ಕನ್ನಡ ಮೂರರಲ್ಲೂ ಭಾಷೆ ನಡೆದುಕೊಂಡು ನಮ್ಮ ಬಳಿಗೆ ಬರುತ್ತದೆ. ನನಗಂತೂ ಇದು ಬಹಳ ಇಷ್ಟ.

ಇನ್ನೊಂದು ಸಂಗತಿ. ನಮ್ಮ ‘ಬಲ್ಲ’ ಮೊದಲು ‘ತಿಳಿದಿದ್ದಾನೆ’ ಎನ್ನುವ ಮಾತು. ‘ಬಲ್ಲವನೇ ಬಲ್ಲ ಬೆಲ್ಲದ ರುಚಿಯ’ ಎನ್ನುವಾಗ ಅದೇ ಅರ್ಥ. ತಿಳಿದವನು ಮಾಡುತ್ತಾನೆ, ಹಾಗಾಗಿ ‘ಮಾಡಬಲ್ಲ’. ಇಂಗ್ಲಿಷಿನ ಕ್ಯಾನ್ ಕೂಡ ಇದೇ ದಾರಿಯಲ್ಲಿ ಬಂದದ್ದು. ಹಳೆಯ ಇಂಗ್ಲಿಷಿನಲ್ಲಿ ಅದು ‘ಕುನ್ನನ್’. ಅರ್ಥ, ತಿಳಿದಿರುವುದು. ಇಂಗ್ಲಿಷಿನ ‘ನೋ’, ಅಂದರೆ ತಿಳಿ ಎನ್ನುವ ಪದ, ಅದರದ್ದೇ ನೆಂಟ. ‘ಮೇ’ ಎನ್ನುವುದು ‘ಮಾಗನ್’ ಎನ್ನುವ ಹಳೆಯ ಕ್ರಿಯಾಪದ. ಬಲ ಇರುವುದು ಎಂದು ಅದರ ಅರ್ಥ. ನಮ್ಮ ‘ಬಹುದು’ ಎಲ್ಲಿಂದ ಬಂತು? ‘ಬರು’ ಎನ್ನುವುದರಿಂದ. ಬರ್ಪುದು, ಬಪ್ಪುದು, ಬಹುದು, ಹೀಗೆ ಸವೆದು ಸವೆದು ಬಂದಿದೆ. ಅದರ ಎದುರಿನ ‘ಬಾರದು’ ಕೂಡ ಬರು ಎನ್ನುವುದರದ್ದೇ. ಹಾಂ, ಕುಡ್ ಬರೆಯುವಾಗ ನಡುವೆ ಬಾಯಿಗೆ ಬರದ ಒಂದು ‘ಎಲ್’ ಇದೆಯಲ್ಲ, ಅದು ಮೊದಲು ಅಲ್ಲಿರಲಿಲ್ಲ. ವುಡ್, ಶುಡ್ ಪದಗಳಲ್ಲಿ ಎಲ್ ಇತ್ತು, ಅವನ್ನು ನೋಡಿ ಇದಕ್ಕೂ ಸೇರಿಸಿದರು.

ನಿಷೇಧಕ್ಕೆ ಬಂದರೆ ಕನ್ನಡದ ನಯ ಇನ್ನೂ ಜಾಸ್ತಿ. ‘ಅವನು ಬರಲಾರ’ ಅಂದರೆ ಬರುವ ಶಕ್ತಿ ಇಲ್ಲ. ‘ಬರಲಿಕ್ಕಿಲ್ಲ’ ಅಂದರೆ ಬಾರದೆ ಇರಬಹುದು ಅಂತ ನನ್ನ ಅಂದಾಜು. ‘ಬರಬಾರದು’ ಅಂದರೆ ಬರಕೂಡದು. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ‘ಕ್ಯಾನಾಟ್’. ಉಳಿದ ಎರಡಕ್ಕೂ ‘ಮೇ ನಾಟ್’ ಬರುತ್ತದೆ. ‘ಹಿ ಮೇ ನಾಟ್ ಕಮ್’ ಅಂದರೆ ಮಾತಿನಲ್ಲಿ ಬಹುಪಾಲು ‘ಬರಲಿಕ್ಕಿಲ್ಲ’. ‘ವಿಸಿಟರ್ಸ್ ಮೇ ನಾಟ್ ಎಂಟರ್’ ಅಂತ ಬಾಗಿಲ ಮೇಲೆ ಬರೆದಿದ್ದರೆ ಅದು ‘ಬರಬಾರದು’. ನಮ್ಮ ಹುಡುಗರು ರಜೆಯ ಅರ್ಜಿಯಲ್ಲಿ ‘ಐ ಮೇ ನಾಟ್ ಕಮ್ ಟುಮಾರೋ’ ಎಂದು ಬರೆಯುತ್ತಾರೆ. ಹೇಳಬೇಕಾದದ್ದು ‘ಬರಲು ಆಗುವುದಿಲ್ಲ’. ಓದಿದವರಿಗೆ ಕೇಳಿಸುವುದು ‘ಬಂದರೂ ಬಂದೆ, ಬಿಟ್ಟರೂ ಬಿಟ್ಟೆ’. ಬೇಕಾದದ್ದು ‘ಐ ಕ್ಯಾನಾಟ್ ಕಮ್’ ಅಥವಾ ‘ಐ ವೋಂಟ್ ಬಿ ಏಬಲ್ ಟು ಕಮ್’.

ಈಗ ಆ ಚೀಟಿಗೆ ವಾಪಸ್ ಹೋಗೋಣ. ಕುಡ್ ಯಾಕೆ ಕೈಕೊಟ್ಟಿತು?

2005ರ ಜುಲೈ 26 ಇಲ್ಲಿರುವ ಹೆಚ್ಚಿನವರಿಗೆ ನೆನಪಿರುತ್ತದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಾನು ಅವತ್ತು ಕೋಟೆಯಿಂದ ಘಾಟ್ಕೋಪರಿನ ಮನೆಗೆ ಹೊರಟಿದ್ದೆ. ಟ್ರೇನು ನಿಂತಿತ್ತು. ದಾದರಿನ ತನಕ ಬಸ್ಸು ಸಿಕ್ಕಿತು, ಆಮೇಲೆ ನಡಿಗೆ. ಸಯಾನ್ ದಾಟುವಾಗ ಎದೆಮಟ್ಟ ನೀರು. ಆ ರಾತ್ರಿ ಪರಿಚಯವೇ ಇಲ್ಲದ ಒಂದು ಮನೆಯವರು ಒಳಗೆ ಕರೆದು, ಚಹಾ ಕೊಟ್ಟು, ಮಲಗಲು ಜಾಗ ಕೊಟ್ಟರು. ಮರುದಿನ ಮಧ್ಯಾಹ್ನ ಮನೆ ಸೇರಿದೆ.

ಆಮೇಲೆ ತರಗತಿಯಲ್ಲಿ ಇದನ್ನೇ ಪಾಠ ಮಾಡಿಕೊಂಡೆ. ‘ಐ ಕುಡ್ ಸೀ ಓನ್ಲಿ ದ ರೂಫ್ಸ್ ಆಫ್ ದ ಕಾರ್ಸ್’, ಕಾರುಗಳ ಮಾಡು ಮಾತ್ರ ಕಾಣುತ್ತಿತ್ತು. ಇದು ಸರಿ. ಕಾಣುವುದು, ಕೇಳುವುದು, ವಾಸನೆ ಹತ್ತುವುದು, ಇವುಗಳ ಜೊತೆ ಕುಡ್ ಚೆನ್ನಾಗಿ ಕೂರುತ್ತದೆ. ‘ಐ ಕುಡ್ ನಾಟ್ ರೀಚ್ ಹೋಮ್ ದಟ್ ನೈಟ್’, ಆ ರಾತ್ರಿ ಮನೆ ಮುಟ್ಟಲು ಆಗಲಿಲ್ಲ. ಇದೂ ಸರಿ. ಆದರೆ ‘ಐ ಕುಡ್ ರೀಚ್ ಹೋಮ್ ದ ನೆಕ್ಸ್ಟ್ ಆಫ್ಟರ್‌ನೂನ್’ ಸರಿಯಲ್ಲ. ‘ಐ ವಾಸ್ ಏಬಲ್ ಟು ರೀಚ್’ ಅನ್ನಬೇಕು, ಇಲ್ಲವೇ ‘ಐ ಮ್ಯಾನೇಜ್ಡ್ ಟು ರೀಚ್’.

ಯಾಕೆ? ನಿಮ್ಮ ಕಿವಿಯನ್ನೇ ಕೇಳಿ. ‘ಚಿಕ್ಕವನಿದ್ದಾಗ ಒಂದೇ ಉಸಿರಿಗೆ ಗುಡ್ಡ ಹತ್ತೋಕೆ ಆಗ್ತಿತ್ತು.’ ಇದು ‘ಆಗ್ತಿತ್ತು’. ಯಾವಾಗ ಬೇಕಾದರೂ ಆಗುತ್ತಿತ್ತು, ಒಂದು ಸಲದ ಮಾತಲ್ಲ. ಇಂಗ್ಲಿಷಿನಲ್ಲಿ ಇದು ಕುಡ್. ‘ಮರುದಿನ ಮಧ್ಯಾಹ್ನ ಮನೆ ಸೇರೋಕೆ ಆಯ್ತು.’ ಇದು ‘ಆಯ್ತು’. ಒಂದು ಸಲ, ನಿಜವಾಗಿ ಆಗಿ ಮುಗಿದದ್ದು. ಇದು ವಾಸ್ ಏಬಲ್ ಟು. ಯಾವ ಕನ್ನಡಿಗನೂ ‘ಮರುದಿನ ಮನೆ ಸೇರೋಕೆ ಆಗ್ತಿತ್ತು’ ಎಂದು ಹೇಳಿ ಸೇರಿದೆ ಎಂಬ ಅರ್ಥ ಇಟ್ಟುಕೊಳ್ಳುವುದಿಲ್ಲ. ಹಾಗೆ ಹೇಳಿದರೆ ಕೇಳಿದವರು ‘ಮತ್ತೆ ಯಾಕೆ ಸೇರಲಿಲ್ಲ?’ ಅನ್ನುತ್ತಾರೆ. ಕುಡ್ ಹುಟ್ಟಿಸುವ ಅನುಮಾನವೂ ಅದೇ. ಶಾಲೆಯ ಆಫೀಸಿನಲ್ಲಿ ಆದದ್ದು ಅದೇ.

ನಿಷೇಧದಲ್ಲಿ ಯಾಕೆ ಕುಡ್ ನಾಟ್ ನಡೆಯುತ್ತದೆ ಅಂತ ಕೇಳಬಹುದು. ಶಕ್ತಿ ಇದ್ದರೂ ಕೆಲಸ ಆಗದೆ ಇರಬಹುದು. ಆದರೆ ಶಕ್ತಿಯೇ ಇಲ್ಲ ಅಂದಮೇಲೆ ಕೆಲಸವೂ ಆಗಲಿಲ್ಲ ಅಂತಲೇ ಅರ್ಥ. ಅಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ಇಷ್ಟು ಹೇಳಿ ನಾನು ತರಗತಿಯಲ್ಲಿ ನಿಶ್ಚಿಂತೆಯಾಗಿ ಇದ್ದೆ. ಆದರೆ ಅದೇ ಮಳೆಯ ಮರುದಿನ ನಾನು ಮೆಟ್ಟಿಲು ಹತ್ತಿ ಬರುವಾಗ ಪಕ್ಕದ ಮನೆಯ ಆಂಟಿ ಬಾಗಿಲಲ್ಲೇ ನಿಂತಿದ್ದರು. ಅವರ ಮನೆಮಾತು ಇಂಗ್ಲಿಷೇ. ನನ್ನ ಕೈ ಹಿಡಿದು ಅವರು ಅಂದದ್ದು: ‘ಐ ಯಾಮ್ ಸೋ ಗ್ಲ್ಯಾಡ್ ಯು ಕುಡ್ ಗೆಟ್ ಹೋಮ್.’ ಈ ಮಾತನ್ನು ಹುಡುಗರಿಗೆ ಹೇಳಿದಾಗ ಒಬ್ಬ ಎದ್ದು ನಿಂತ. ‘ಸರ್, ನೀವು ಮನೆ ಸೇರಿದ್ದು ಒಂದೇ ಸಲ, ನಿಜವಾಗಿ ಸೇರಿದ್ದೀರಿ. ಮತ್ತೆ ಇಲ್ಲಿ ಕುಡ್ ಹೇಗೆ ಬಂತು?’

ಎಷ್ಟು ಒಳ್ಳೆಯ ಪ್ರಶ್ನೆ! ಆಂಟಿ ಹೇಳಿದ್ದು ತಪ್ಪಲ್ಲ. ಮದುವೆ ಮನೆಯಲ್ಲಿ, ಪಾರ್ಟಿಯಲ್ಲಿ ಇಂಗ್ಲಿಷ್ ಮಾತಾಡುವವರು ಎಲ್ಲ ಕಡೆ ‘ಸೋ ಗ್ಲ್ಯಾಡ್ ಯು ಕುಡ್ ಕಮ್’ ಅನ್ನುತ್ತಾರೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕುಡ್ ಕೂತಿರುವ ಜಾಗದಲ್ಲಿದೆ. ಇಲ್ಲಿ ಅದು ಪ್ರಧಾನ ವಾಕ್ಯದಲ್ಲಿ ಇಲ್ಲ. ‘ನನಗೆ ಸಂತೋಷ’ ಎನ್ನುವುದು ಪ್ರಧಾನ ವಾಕ್ಯ. ಕುಡ್ ಅದರ ಕೈಕೆಳಗಿನ ಅಧೀನ ವಾಕ್ಯದಲ್ಲಿದೆ.

ನಾನು ಇದನ್ನು ಅರ್ಥಮಾಡಿಕೊಂಡಿರುವುದು ಹೀಗೆ. ಪ್ರಧಾನ ವಾಕ್ಯದ ಕೆಲಸ ಹೊಸ ಸುದ್ದಿ ಕೊಡುವುದು. ‘ನಾನು ಮನೆ ಸೇರಿದೆ’ ಎನ್ನುವುದೇ ಸುದ್ದಿ ಆಗಿರುವಾಗ ಕುಡ್ ಬಳಸಿದರೆ, ಸೇರಿದೆಯೋ ಇಲ್ಲವೋ ಎಂಬುದು ತೂಗಾಡುತ್ತದೆ. ಆಂಟಿಯ ಮಾತಿನಲ್ಲಿ ನಾನು ಮನೆ ಸೇರಿದ್ದು ಸುದ್ದಿಯೇ ಅಲ್ಲ. ನಾನು ಅವರ ಕಣ್ಣೆದುರು ನಿಂತಿದ್ದೇನೆ. ಅನುಮಾನ ಎಲ್ಲಿಂದ ಬರಬೇಕು? ಹಾಗಾಗಿ ಅಲ್ಲಿ ಕುಡ್ ತನ್ನ ಇನ್ನೊಂದು ಕೆಲಸವನ್ನು ಮಾತ್ರ ಮಾಡುತ್ತದೆ. ಇಷ್ಟೆಲ್ಲ ನೀರಿನ ನಡುವೆಯೂ ದಾರಿ ಸಿಕ್ಕಿತಲ್ಲ ಎನ್ನುತ್ತದೆ. ಕನ್ನಡದಲ್ಲಿ ಈ ‘ಅಲ್ಲ’ವೇ ಆ ಕೆಲಸ ಮಾಡುತ್ತದೆ. ‘ನಿಮಗೆ ಬರೋಕೆ ಆಯ್ತಲ್ಲ, ಅದೇ ಖುಷಿ.’ ಆ ‘ಅಲ್ಲ’ ಸೇರಿದ ಕೂಡಲೇ ಬಂದಿರುವುದು ಇಬ್ಬರಿಗೂ ಗೊತ್ತು ಅಂತ ಆಗುತ್ತದೆ.

ಇದೇ ಥರ ‘ಐ ಡಿಡ್ ವಾಟ್ ಐ ಕುಡ್.’ ಕೈಲಾದದ್ದು ಮಾಡಿದೆ. ಸುದ್ದಿ ‘ಮಾಡಿದೆ’ ಎನ್ನುವುದರಲ್ಲಿದೆ. ಕುಡ್ ಬರೀ ಅಳತೆ ಹೇಳುತ್ತದೆ, ನಮ್ಮ ‘ಕೈಲಾದದ್ದು’ ಅಥವಾ ‘ಕೈಲಾದಷ್ಟು’ ಇದ್ದ ಹಾಗೆ. ‘ಇಟ್ ವಾಸ್ ದ ಓನ್ಲಿ ಶಾಪ್ ವಿ ಕುಡ್ ಫೈಂಡ್’, ನಮಗೆ ಸಿಕ್ಕ ಒಂದೇ ಅಂಗಡಿ ಅದು. ಅಂಗಡಿ ಸಿಕ್ಕಿದೆ, ಒಂದೇ ಸಲ ಸಿಕ್ಕಿದೆ, ಆದರೂ ಕುಡ್ ಸರಿ. ಆ ಹುಡುಗನ ಪ್ರಶ್ನೆ ಇಲ್ಲದಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಉದ್ದೇಶ ಹೇಳುವ ಅಧೀನ ವಾಕ್ಯದಲ್ಲೂ ಕುಡ್ ಬೇಕು. ವಾಚ್‌ಮನ್ ಹತ್ತಿರ ಬೀಗದಕೈ ಕೊಟ್ಟು ಬಂದೆ. ಯಾಕೆ? ಹೆಂಡತಿಗೆ ಬಾಗಿಲು ತೆಗೆಯೋಕೆ ಆಗಲಿ ಅಂತ. ‘ಐ ಲೆಫ್ಟ್ ದ ಕೀ ಸೋ ದಟ್ ಶಿ ಕುಡ್ ಓಪನ್ ದ ಡೋರ್.’ ಬಾಗಿಲು ತೆಗೆದಳೋ ಇಲ್ಲವೋ ಎಂಬುದು ಈ ವಾಕ್ಯದಲ್ಲಿ ಇಲ್ಲವೇ ಇಲ್ಲ. ಕನ್ನಡ ಇಲ್ಲಿ ‘ಆಯ್ತು’ ಅನ್ನುವುದಿಲ್ಲ, ‘ಆಗಲಿ’ ಅನ್ನುತ್ತದೆ. ಪ್ರಧಾನ ವಾಕ್ಯದ ಕ್ರಿಯೆ ವರ್ತಮಾನದಲ್ಲಿದ್ದರೆ ‘ಸೋ ದಟ್ ಶಿ ಕ್ಯಾನ್’.

ಈಗ ನಮ್ಮನ್ನು ನಿಜವಾಗಿ ಎಡವಿಸುವ ಜಾಗಕ್ಕೆ ಬರುತ್ತೇನೆ. ಅದು ನಮ್ಮ ಪ್ರೀತಿಯ ‘ಅಂತ’.

ಕನ್ನಡದಲ್ಲಿ ಇನ್ನೊಬ್ಬರ ಮಾತನ್ನು ಹೇಳುವಾಗ ಅವರ ಮಾತನ್ನು ಹಾಗೇ ಎತ್ತಿ ಇಟ್ಟು, ಹಿಂದೆ ಒಂದು ‘ಅಂತ’ ಸೇರಿಸುತ್ತೇವೆ. ‘ನಾಳೆ ಬರೋಕೆ ಆಗುತ್ತೆ ಅಂತ ಅಂದ.’ ಅವನು ಅಂದದ್ದು ಕಳೆದ ವಾರ ಇರಬಹುದು, ಕಳೆದ ವರ್ಷವೇ ಇರಬಹುದು. ‘ಆಗುತ್ತೆ’ ಎನ್ನುವುದು ಅಲ್ಲಾಡುವುದಿಲ್ಲ. ಇಂಗ್ಲಿಷಿನಲ್ಲಿ ಹೇಳುವವನು ತಾನು ನಿಂತಿರುವ ಜಾಗದಿಂದ ನೋಡುತ್ತಾನೆ. ‘ಹಿ ಸೆಡ್’ ಎನ್ನುವುದು ಹಿಂದಕ್ಕೆ ಹೋದರೆ ಒಳಗಿನ ವಾಕ್ಯವೂ ಅದರ ಜೊತೆ ಹಿಂದಕ್ಕೆ ಹೋಗುತ್ತದೆ. ಕ್ಯಾನ್ ಕುಡ್ ಆಗುತ್ತದೆ, ಮೇ ಮೈಟ್ ಆಗುತ್ತದೆ. ‘ಹಿ ಸೆಡ್ ಹಿ ಕುಡ್ ಕಮ್.’ ಕುಡ್, ಮೈಟ್ ಎರಡೂ ಮೊದಲೇ ಹಿಂದಕ್ಕೆ ಹೋದವು, ಅವು ಹಾಗೇ ಉಳಿಯುತ್ತವೆ. ಹೇಳಿದ ಸಂಗತಿ ಈಗಲೂ ನಿಜವಾಗಿದ್ದರೆ ಕ್ಯಾನ್ ಉಳಿಸಿಕೊಳ್ಳಬಹುದು. ಅದೂ ತಪ್ಪಲ್ಲ. ನಮ್ಮ ಹುಡುಗರು ‘ಹಿ ಟೋಲ್ಡ್ ದಟ್ ಹಿ ಕ್ಯಾನ್ ಕಮ್’ ಎಂದು ಬರೆದಾಗ ಅದು ದಡ್ಡತನ ಅಲ್ಲ. ಅದರ ಕೆಳಗೆ ‘ಅಂತ’ ಇದೆ. ಇದನ್ನು ಅವರಿಗೆ ತೋರಿಸಿಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಸುಮ್ನೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರೆ ಮಗು ಏನನ್ನೂ ಕಲಿಯುವುದಿಲ್ಲ.

‘ವೆನ್’ ಬಂದಾಗಲೂ ಕನ್ನಡವೇ ಕೈ ಹಿಡಿಯುತ್ತದೆ. ‘ಐ ವಿಲ್ ಕಾಲ್ ಯು ವೆನ್ ಐ ವಿಲ್ ಬಿ ಏಬಲ್ ಟು’ ತಪ್ಪು. ‘ವೆನ್ ಐ ಕ್ಯಾನ್’ ಸರಿ. ಆದರೆ ‘ಟೆಲ್ ಮಿ ವೆನ್ ಯು ವಿಲ್ ಬಿ ಏಬಲ್ ಟು ಕಮ್’ ಪೂರ್ತಿ ಸರಿ. ಎರಡರಲ್ಲೂ ವೆನ್ ಇದೆ, ಮತ್ತೆ ಹೇಗೆ ಗೊತ್ತಾಗಬೇಕು? ಕನ್ನಡದಲ್ಲಿ ಹೇಳಿ ನೋಡಿ. ಮೊದಲನೆಯದು ‘ಆದಾಗ ಫೋನ್ ಮಾಡ್ತೀನಿ’. ಎರಡನೆಯದು ‘ಯಾವಾಗ ಬರೋಕೆ ಆಗುತ್ತೆ ಅಂತ ಹೇಳಿ’. ‘ಆದಾಗ’ ಬಂದರೆ ವಿಲ್ ಬೇಡ. ಕನ್ನಡವೂ ಅಲ್ಲಿ ಮುಂದಿನ ಕಾಲದ ರೂಪ ಬಳಸಿಲ್ಲ ನೋಡಿ. ‘ಯಾವಾಗ’ ಬಂದರೆ ಅದು ಒಳಗೆ ಅಡಗಿದ ಪ್ರಶ್ನೆ, ವಿಲ್ ಬರಬಹುದು. ಈ ಪರೀಕ್ಷೆ ನನ್ನ ಹುಡುಗರಿಗೆ ಬಹಳ ಉಪಯೋಗಕ್ಕೆ ಬಂತು.

‘ಇಫ್’ ಬಗ್ಗೆ ಒಂದೇ ಮಾತು. ಅಲ್ಲಿ ಕನ್ನಡದ ಕಿವಿ ಪೂರ್ತಿ ಸಾಲದು. ‘ಆಗಿದ್ದರೆ ಬರ್ತಿದ್ದೆ’ ಎಂದು ನಾವು ಇವತ್ತಿನ ಬಗ್ಗೆಯೂ ಹೇಳುತ್ತೇವೆ, ಹೋದ ವರ್ಷದ ಬಗ್ಗೆಯೂ ಹೇಳುತ್ತೇವೆ. ಇಂಗ್ಲಿಷ್ ಬೇರೆ ಮಾಡುತ್ತದೆ. ಇವತ್ತಿನದಕ್ಕೆ ‘ಇಫ್ ಐ ಕುಡ್, ಐ ವುಡ್ ಕಮ್’. ಕಳೆದದ್ದಕ್ಕೆ ‘ಐ ವುಡ್ ಹ್ಯಾವ್ ಕಮ್ ಇಫ್ ಐ ಕುಡ್ ಹ್ಯಾವ್’. ‘ಐ ವಿಶ್’ ಆದಮೇಲೆ ಬರುವುದೂ ಕುಡ್, ಕ್ಯಾನ್ ಅಲ್ಲ. ‘ಐ ಹೋಪ್’ ಆದರೆ ಕ್ಯಾನ್. ಆಸೆ ಕೈಗೆ ಸಿಗುವಂಥದ್ದಾದರೆ ಹೋಪ್, ಸಿಗದ ದೂರದಲ್ಲಿದ್ದರೆ ವಿಶ್.

ಅದಕ್ಕೆ ಬದಲು ಕನ್ನಡ ಬೇರೆ ಮಾಡುವ ಕಡೆ ಇಂಗ್ಲಿಷ್ ಬೆರೆಸುವುದೂ ಉಂಟು. ‘ಹಿ ಕುಡ್ ಹ್ಯಾವ್ ಕಮ್’ ಅಂದರೆ ‘ಬಂದಿರಬಹುದು’ ಎಂದೂ ಆಗುತ್ತದೆ, ‘ಬರಬಹುದಿತ್ತು, ಬರಲಿಲ್ಲ’ ಎಂದೂ ಆಗುತ್ತದೆ. ನಮ್ಮಲ್ಲಿ ಇವೆರಡು ಯಾವತ್ತೂ ಬೆರೆಯುವುದಿಲ್ಲ. ‘ಇರಬಹುದು’ ಇನ್ನೂ ಬಾಗಿಲು ತೆರೆದಿಟ್ಟಿದೆ. ‘ಬಹುದಿತ್ತು’ ಬಾಗಿಲು ಮುಚ್ಚಿದ ಮೇಲಿನ ಮಾತು. ಯಾರಾದರೂ ತೀರಿಕೊಂಡ ಮನೆಗೆ ಕಾಗದ ಬರೆಯುವಾಗ ಇದನ್ನು ನೆನಪಿಡಿ. ‘ಆ ಔಷಧಿ ಅವರನ್ನು ಉಳಿಸಿರಬಹುದು’ ಎನ್ನಲು ‘ಮೇ ಹ್ಯಾವ್ ಸೇವ್ಡ್’. ‘ಉಳಿಸಬಹುದಿತ್ತು’ ಎನ್ನಲು ‘ಮೈಟ್ ಹ್ಯಾವ್ ಸೇವ್ಡ್’. ಒಂದರಲ್ಲಿ ಮನುಷ್ಯ ಬದುಕಿದ್ದಾನೆ, ಇನ್ನೊಂದರಲ್ಲಿ ಇಲ್ಲ.

ಮಾತು ಮುಗಿದ ಮೇಲೆ ಮೂರನೇ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಡೊಂಬಿವಲಿಯಿಂದ ಬಂದಿದ್ದಳು. ಅವಳ ಅಮ್ಮನಿಗೆ ಮಂಡಿಯ ಆಪರೇಷನ್ ಆಗಿದೆ. ಅಣ್ಣ ಮಸ್ಕತ್‌ನಲ್ಲಿದ್ದಾನೆ. ಅತ್ತಿಗೆ ಕನ್ನಡ ಓದುವುದಿಲ್ಲ, ಹಾಗಾಗಿ ಮನೆಯವರ ಗುಂಪಿನಲ್ಲಿ ಮೆಸೇಜು ಇಂಗ್ಲಿಷಿನಲ್ಲೇ. ‘ಸರ್, ನಾನು ಬೆಳಿಗ್ಗೆ ‘ದ ಡಾಕ್ಟರ್ ಸೆಡ್ ಅಮ್ಮ ಕುಡ್ ವಾಕ್’ ಅಂತ ಹಾಕಿದೆ. ಅತ್ತಿಗೆ ಗಾಬರಿಯಿಂದ ಫೋನ್ ಮಾಡಿದರು. ಮೊದಲು ನಡೀತಿದ್ದರು, ಈಗ ಆಗಲ್ವಾ ಅಂತ ಕೇಳಿದರು.’

ನಾನು ಕೇಳಿದೆ, ‘ಡಾಕ್ಟರ್ ಅಂದದ್ದು ಏನಮ್ಮಾ? ನಡೀಬಹುದು ಅಂದ್ರಾ, ಅಥವಾ ನಡೆಯೋಕೆ ಆಗುತ್ತೆ ಅಂದ್ರಾ?’

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ‘ಎರಡೂ ಅಲ್ಲ ಸರ್. ಇನ್ನು ಎರಡು ವಾರಕ್ಕೆ ಕೋಲು ಇಲ್ಲದೆ ನಡೆಯೋಕೆ ಆಗುತ್ತೆ ಅಂದ್ರು.’

‘ಅದು ಇನ್ನು ಮುಂದಿನ ಮಾತು. ವಿಲ್ ಬೇಕು. ವಿಲ್ ಜೊತೆ ಕ್ಯಾನ್ ಕೂರುವುದಿಲ್ಲ, ಹಾಗಾಗಿ ಬಿ ಏಬಲ್ ಟು. ಡಾಕ್ಟರ್ ಮಾತು ಈಗಲೂ ನಿಜ, ಆದ್ದರಿಂದ ಹಿಂದಕ್ಕೆ ಹೋಗಬೇಕಿಲ್ಲ. ‘ಸೇಸ್’ ಅಂತಲೇ ಶುರು ಮಾಡು.’

ಅವಳು ಅಲ್ಲೇ ಕೂತು ಟೈಪ್ ಮಾಡಿ, ಕಳಿಸುವ ಮೊದಲು ಜೋರಾಗಿ ಓದಿದಳು: ‘ದ ಡಾಕ್ಟರ್ ಸೇಸ್ ಅಮ್ಮ ವಿಲ್ ಬಿ ಏಬಲ್ ಟು ವಾಕ್ ವಿದೌಟ್ ಎ ಸ್ಟಿಕ್ ಇನ್ ಟೂ ವೀಕ್ಸ್.’ ಚಹಾ ಬರುವಷ್ಟರಲ್ಲಿ ಮಸ್ಕತ್‌ನಿಂದ ಉತ್ತರ ಬಂತು. ಫೋನನ್ನು ನನ್ನ ಕಡೆ ಹಿಡಿದು ತೋರಿಸಿದಳು. ಅತ್ತಿಗೆ ಬರೆದಿದ್ದರು: ‘ಸೋ ಗ್ಲ್ಯಾಡ್ ಯು ಕುಡ್ ಟೆಲ್ ಮಿ.’